ಫ್ರಾನ್ಸಿನಲ್ಲಿ ಬಾಡಿಗೆ ಮನೆ: ನಿಮ್ಮ ಕಂಪನಿ ಕಟ್ಟುವ ದುಡ್ಡು ನಿಮಗೆ ಹೇಗೆ ಉಪಯೋಗ?

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಎಣಿಸಿ ಕೊಟ್ಟು ಬಂದವರಿಗೆ ಫ್ರಾನ್ಸಿನ ಲೆಕ್ಕ ಕೇಳಿದರೆ ಖುಷಿಯಾಗುತ್ತದೆ. ಖಾಲಿ ಮನೆಗೆ ಒಂದು ತಿಂಗಳ ಡೆಪಾಸಿಟ್, ಸಾಮಾನು ಸಮೇತದ ಮನೆಗೆ ಎರಡು ತಿಂಗಳು. ಅದಕ್ಕಿಂತ ಜಾಸ್ತಿ ಕೇಳಲು ಕಾನೂನು ಬಿಡುವುದಿಲ್ಲ. ಆ ಖುಷಿ ಮನೆ ನೋಡಲು ಹೋಗುವ ತನಕ ಮಾತ್ರ. ಸಂಬಳ ಬಾಡಿಗೆಯ ಮೂರು ಪಟ್ಟು ಇರಬೇಕು ಎನ್ನುತ್ತಾರೆ. ಅದರ ಮೇಲೆ ಒಬ್ಬ ಜಾಮೀನುದಾರ ಬೇಕು. ಇಲ್ಲಿಯ ಮಾತಲ್ಲಿ ಗಾರಾಂ.

ನಾನು ತುಲೂಜಿಗೆ ಬಂದ ಹೊಸದರಲ್ಲಿ ಏಜೆಂಟ್ ಒಬ್ಬ ನನ್ನ ಫೈಲ್ ತಿರುವಿ, ಗಾರಾಂ ಯಾರು ಎಂದು ಕೇಳಿದ. ಅಪ್ಪ ಎಂದೆ. ಎಲ್ಲಿರುತ್ತಾರೆ? ದಾವಣಗೆರೆ. ಫೈಲ್ ಮುಚ್ಚಿಬಿಟ್ಟ. ಜಾಮೀನುದಾರ ಫ್ರೆಂಚ್ ಪ್ರಜೆಯಲ್ಲ, ಫ್ರಾನ್ಸಿನಲ್ಲಿಲ್ಲ ಎಂಬ ಕಾರಣಕ್ಕೆ ಬೇಡ ಎನ್ನುವಂತಿಲ್ಲ ಎಂದು 1989ರ ಬಾಡಿಗೆ ಕಾನೂನಿನಲ್ಲೇ ಬರೆದಿದೆ. ಆದರೆ ಮೇಜಿನ ಮೇಲೆ ಫೈಲುಗಳ ರಾಶಿ ಇರುವಾಗ ನಿಮ್ಮದನ್ನೇ ಯಾಕೆ ಬಿಟ್ಟರು ಎಂದು ಸಾಬೀತು ಮಾಡುವವರು ಯಾರು, ಅಲ್ವಾ?

ಆಮೇಲೆ ಆಫೀಸಿನಲ್ಲಿ ಕಾಫಿ ಕುಡಿಯುವಾಗ ಸಹೋದ್ಯೋಗಿಯೊಬ್ಬಳು ಕೇಳಿದಳು: "ಆಕ್ಸಿಯೋಂ ಲೋಜ್‌ಮಾಂ ಕೇಳಿಲ್ವಾ? ನಮ್ಮ ಕಂಪನಿ ಅದಕ್ಕೆ ದುಡ್ಡು ಕಟ್ಟುತ್ತದೆ." ನಾನು ಕೇಳಿರಲಿಲ್ಲ. ಸೇರಿದ ದಿನ ಎಚ್‌ಆರ್ ಕೊಟ್ಟ ದಪ್ಪ ಕಡತದಲ್ಲಿ ಅದರ ಸುಳಿವೂ ಇರಲಿಲ್ಲ.

ವ್ಯವಸ್ಥೆ ಹೀಗಿದೆ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಕಂಪನಿ ತಾನು ಕೊಡುವ ಒಟ್ಟು ಸಂಬಳದ 0.45 ಶೇಕಡಾ ಹಣವನ್ನು ಪ್ರತಿ ವರ್ಷ ನೌಕರರ ವಸತಿಗಾಗಿ ತೆಗೆದಿಡಲೇಬೇಕು. ನಿಮ್ಮ ಸಂಬಳದಿಂದ ಒಂದು ಸೆಂಟೂ ಕತ್ತರಿಸುವುದಿಲ್ಲ. ಈ ಹಣ ಸೇರುವುದು ಆಕ್ಸಿಯೋಂ ಲೋಜ್‌ಮಾಂ ಎಂಬ ಸಂಸ್ಥೆಗೆ. ಅದನ್ನು ಕಂಪನಿ ಮಾಲೀಕರ ಸಂಘಗಳು ಮತ್ತು ಕಾರ್ಮಿಕ ಸಂಘಗಳು ಸರಿಸಮವಾಗಿ ಕೂತು ನಡೆಸುತ್ತವೆ.

ಇದರ ಬೇರು ಉತ್ತರದ ರೂಬೇ–ತೂರ್ಕ್ವಾಂ ಕಡೆಯ ಬಟ್ಟೆ ಗಿರಣಿಗಳಲ್ಲಿದೆ. 1943ರಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಆಲ್ಬೇರ್ ಪ್ರೂವೋ ಎಂಬ ಉಣ್ಣೆ ಗಿರಣಿ ಮಾಲೀಕ ಮತ್ತು ಅವನ ಜೊತೆಯವರು ಸ್ವಂತ ಇಷ್ಟದಿಂದ ಕಾರ್ಮಿಕರ ಮನೆಗಾಗಿ ದುಡ್ಡು ಕೂಡಿಸತೊಡಗಿದರು. 1953ರಲ್ಲಿ ಸರ್ಕಾರ ಅದನ್ನೇ ಇಡೀ ದೇಶಕ್ಕೆ ಕಡ್ಡಾಯ ಮಾಡಿತು. ಆಗ ದರ 1 ಶೇಕಡಾ ಇತ್ತು. ಅದಕ್ಕೇ ಹಳಬರು ಇವತ್ತಿಗೂ "ಒಂದು ಪರ್ಸೆಂಟ್ ಮನೆ" ಎನ್ನುತ್ತಾರೆ. ಪರ್ಸೆಂಟ್ ಇಳಿದು ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಇಳಿದಿಲ್ಲ.

ಓದುವಾಗ ನಿಮಗೆ ಎಚ್‌ಎಂಟಿ, ಬಿಇಎಲ್ ಕ್ವಾರ್ಟರ್ಸ್ ನೆನಪಾಗಬಹುದು. ಅದು ಬೇರೆ. ಕ್ವಾರ್ಟರ್ಸ್ ಎಂದರೆ ಕಂಪನಿಯದೇ ಮನೆ. ಕೆಲಸ ಮುಗಿದರೆ ಬೀಗದ ಕೈ ವಾಪಸ್. ಇಲ್ಲಿ ದುಡ್ಡು ಕಂಪನಿಯ ಕೈ ಬಿಟ್ಟು ಒಂದೇ ಹುಂಡಿಗೆ ಬೀಳುತ್ತದೆ. ಬಾಡಿಗೆ ಕರಾರು ನಿಮಗೂ ಮನೆ ಕೊಟ್ಟ ಸಂಸ್ಥೆಗೂ ನಡುವೆ ಇರುತ್ತದೆ. ನಾಳೆ ಕೆಲಸ ಬಿಟ್ಟರೂ ಮನೆ ಬಿಡಬೇಕಿಲ್ಲ. ವೀಸಾ ಒಂದು ಕಂಪನಿಗೆ, ಮನೆ ಇನ್ನೊಂದು ಕಂಪನಿಗೆ ಎಂದು ಗಂಟು ಹಾಕಿಸಿಕೊಂಡು ಬದುಕುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ಹೊಸದಾಗಿ ಬಂದವರು ಮೊದಲು ಹಿಡಿಯಬೇಕಾದದ್ದು ವಿಜಾಲ್. 2016ರಲ್ಲಿ ಶುರುವಾಯಿತು. ನಿಮ್ಮ ಗಾರಾಂ ಆಗಿ ಆಕ್ಸಿಯೋಂ ಲೋಜ್‌ಮಾಂ ನಿಲ್ಲುತ್ತದೆ. ನೀವು ಬಾಡಿಗೆ ಕಟ್ಟದಿದ್ದರೆ 36 ತಿಂಗಳವರೆಗೆ ಅದು ಮಾಲೀಕನಿಗೆ ಕೊಡುತ್ತದೆ. ಪೂರ್ತಿ ಉಚಿತ. "ವಿಜಾಲ್ ಮಾಡಿಸಿಕೊಡ್ತೀನಿ, ಇಷ್ಟು ಕೊಡಿ" ಎನ್ನುವವರು ವಾಟ್ಸಾಪ್ ಗುಂಪಿನಲ್ಲಿ ಸಿಕ್ಕರೆ ಸುಮ್ನೆ ದೂರ ಇಡಿ. 18ರಿಂದ 30ರವರೆಗಿನ ವಯಸ್ಸಿನವರಿಗೆ ಸುಲಭ, ವಿದ್ಯಾರ್ಥಿಗಳೂ ಕೇಳಬಹುದು. ಅದಕ್ಕಿಂತ ದೊಡ್ಡವರಿಗೆ ಷರತ್ತುಗಳಿವೆ: ಹೊಸದಾಗಿ ಖಾಸಗಿ ಕೆಲಸಕ್ಕೆ ಸೇರಿರಬೇಕು, ಕೆಲಸದ ಸಲುವಾಗಿ ಊರು ಬದಲಿಸುತ್ತಿರಬೇಕು, ಅಥವಾ ಸಂಬಳ ಕಡಿಮೆ ಇರಬೇಕು. ಬಾಡಿಗೆಗೂ ಒಂದು ಮಿತಿ ಇದೆ. ಈ ಷರತ್ತು, ಮಿತಿಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ಅವರ ವೆಬ್‌ಸೈಟಿನಲ್ಲೇ ಪರೀಕ್ಷಿಸಿ.

ಇಲ್ಲಿ ಜನ ಎಡವುವುದು ಎರಡು ಕಡೆ. ಒಪ್ಪಿಗೆ ಪತ್ರದ ಹೆಸರೂ "ವೀಸಾ" ಎಂದೇ. ಪಾಸ್‌ಪೋರ್ಟಿನ ವೀಸಾ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ವಿಜಾಲ್‌ನ ಈ ಪತ್ರ ಕರಾರಿಗೆ ಸಹಿ ಹಾಕುವ ಮೊದಲೇ ಕೈಯಲ್ಲಿರಬೇಕು. ಸಹಿ ಆದ ಮೇಲೆ ಕೇಳಿದರೆ ಸಿಗುವುದಿಲ್ಲ. ಇನ್ನೊಂದು, ಇದು ದಾನವಲ್ಲ. ಅವರು ನಿಮ್ಮ ಪರವಾಗಿ ಕಟ್ಟಿದ್ದನ್ನು ಆಮೇಲೆ ನಿಮ್ಮಿಂದಲೇ ವಸೂಲಿ ಮಾಡುತ್ತಾರೆ. ವಿಜಾಲ್ ಒಪ್ಪಿದ ಮಾಲೀಕ ಮೇಲಿಂದ ಇನ್ನೊಬ್ಬ ಜಾಮೀನುದಾರನನ್ನು ಕೇಳುವಂತಿಲ್ಲ. ಕೇಳಿದರೆ ನಯವಾಗಿ ನೆನಪಿಸಿ.

ಡೆಪಾಸಿಟ್ಟಿಗೆ ದುಡ್ಡಿಲ್ಲವೆಂದರೆ ಲೋಕಾ-ಪಾಸ್ ಇದೆ. ಬಡ್ಡಿಯಿಲ್ಲದ ಸಾಲ, 1,200 ಯೂರೋವರೆಗೆ. ಮೊದಲ ಮೂರು ತಿಂಗಳು ಕಂತಿಲ್ಲ. ಮನೆಗೆ ಬಂದು ಎರಡು ತಿಂಗಳೊಳಗೆ ಅರ್ಜಿ ಹಾಕಬೇಕು. 30ರ ಒಳಗಿದ್ದು, ಓದುತ್ತಲೇ ಖಾಸಗಿ ಕಂಪನಿಯಲ್ಲಿ ಅಪ್ರೆಂಟಿಸ್ ಆಗಿರುವವರು ಮೋಬಿಲಿ-ಜ್ಯೂನ್ ಕೇಳಿ ನೋಡಿ. ತಿಂಗಳಿಗೆ 10ರಿಂದ 100 ಯೂರೋ ಬಾಡಿಗೆಗೆ ಬರುತ್ತದೆ, ವಾಪಸ್ ಕಟ್ಟಬೇಕಿಲ್ಲ.

ಇನ್ನು ಕಡಿಮೆ ಬಾಡಿಗೆಯ ಮನೆ. ಆಕ್ಸಿಯೋಂ ಲೋಜ್‌ಮಾಂ ಕಟ್ಟಡ ಕಟ್ಟುವ ಸಂಸ್ಥೆಗಳಿಗೆ ಸಾಲ, ಅನುದಾನ ಕೊಡುತ್ತದೆ. ಬದಲಿಗೆ ಒಂದಿಷ್ಟು ಮನೆಗಳಿಗೆ ತನ್ನ ಕಡೆಯ ನೌಕರರ ಹೆಸರು ಸೂಚಿಸುವ ಹಕ್ಕು ಪಡೆಯುತ್ತದೆ. ಅದರದೇ ಅಂಗಸಂಸ್ಥೆಗಳ ಕೈಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳಿವೆ. ನೀವು ಮೊದಲು ಸರ್ಕಾರಿ ಪೋರ್ಟಲ್‌ನಲ್ಲಿ ಸಾಮಾಜಿಕ ವಸತಿಗೆ ಅರ್ಜಿ ಹಾಕಿ ಒಂದು ನಂಬರ್ ಪಡೆಯಬೇಕು. ಆ ನಂಬರ್ ಮತ್ತು ಕಂಪನಿಯ ವಿವರ ಇಟ್ಟುಕೊಂಡು ಆಲಿನ್ ಎಂಬ ವೇದಿಕೆಗೆ ಹೋದರೆ ಖಾಲಿ ಇರುವ ಮನೆಗಳು ಕಾಣುತ್ತವೆ. ಬೇಕಾದದ್ದಕ್ಕೆ ಹೆಸರು ಕೊಡಬಹುದು. ಕೊನೆಯ ತೀರ್ಮಾನ ಮಾತ್ರ ಮನೆ ಕೊಡುವ ಸಂಸ್ಥೆಯ ಸಮಿತಿಯದ್ದು. ಸಾಮಾನ್ಯವಾಗಿ ಒಂದು ಮನೆಗೆ ಮೂರು ಕುಟುಂಬಗಳ ಫೈಲ್ ಅವರ ಮುಂದೆ ಹೋಗುತ್ತದೆ.

ಬೇಗ ಸಿಗುತ್ತದಾ? ಪ್ಯಾರಿಸ್ ಸುತ್ತ ಇಲ್ಲ. 2024ರಲ್ಲಿ ದೇಶದಾದ್ಯಂತ ಕಾಯುತ್ತಿದ್ದ ಅರ್ಜಿಗಳು 27 ಲಕ್ಷದ ಆಸುಪಾಸು. ನಮ್ಮವರಿಗೆ ಇನ್ನೊಂದು ತೊಡಕು: ಅವರು ಎರಡು ವರ್ಷ ಹಿಂದಿನ ಆದಾಯ ನೋಡುತ್ತಾರೆ. ಆಗ ನೀವು ಮೈಸೂರಿನಲ್ಲಿದ್ದಿರಿ. ಹಾಗಾಗಿ ಬರುವಾಗಲೇ ಐಟಿ ರಿಟರ್ನ್ಸ್, ಫಾರಂ 16 ಎಲ್ಲ ತನ್ನಿ. ಫ್ರೆಂಚಿಗೆ ಅನುವಾದ ಮಾಡಿಸಬೇಕಾಗುತ್ತದೆ. ಸಾಫ್ಟ್‌ವೇರ್ ಸಂಬಳ ಇಬ್ಬರಿಗೂ ಇದ್ದರೆ ಆದಾಯದ ಮಿತಿ ದಾಟಿರುತ್ತೀರಿ. ಅಂಥವರಿಗೆ ಮಧ್ಯಮ ದರದ ಮನೆಗಳಿವೆ, ಬಾಡಿಗೆ ಮಾರುಕಟ್ಟೆಗಿಂತ ಸ್ವಲ್ಪ ಕಡಿಮೆ. ಪ್ಯಾರಿಸ್ ಪ್ರದೇಶದಲ್ಲಿ ಇನ್ಲಿ ಎಂಬ ಅಂಗಸಂಸ್ಥೆ ಇದನ್ನೇ ನೋಡಿಕೊಳ್ಳುತ್ತದೆ.

ಕಂಪನಿಯ ವಿವರ ಕೇಳಲು ಎಚ್‌ಆರ್‌ಗೆ ಬರೆಯುವ ಮೊದಲು ನಿಮ್ಮ ಪೇಸ್ಲಿಪ್ ಯಾರದ್ದು ನೋಡಿ. ಬೆಂಗಳೂರು ಕಂಪನಿಯ ಸಂಬಳದಲ್ಲೇ ಡೆಪ್ಯುಟೇಶನ್ ಮೇಲೆ ಬಂದಿದ್ದರೆ ಆಲಿನ್ ಮನೆಯ ಆಸೆ ಇಟ್ಟುಕೊಳ್ಳಬೇಡಿ. ಈ ಹುಂಡಿ ತುಂಬುವುದು ಫ್ರಾನ್ಸಿನಲ್ಲಿ ಸಂಬಳ ಕೊಡುವ ಖಾಸಗಿ ಕಂಪನಿಗಳಿಂದ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವವರದೂ ಅದೇ ಕತೆ, ಆದರೆ 30ರ ಒಳಗಿದ್ದರೆ ವಿಜಾಲ್ ಕೇಳಬಹುದು.

ಸಾಮಾಜಿಕ ವಸತಿಗೆ ಅರ್ಜಿ ಹಾಕಿದ ಮೇಲೆ ಅದನ್ನು ಮರೆತುಬಿಡಬೇಡಿ. ಪ್ರತಿ ವರ್ಷ ನವೀಕರಿಸದಿದ್ದರೆ ಅದು ರದ್ದಾಗುತ್ತದೆ, ಕಾದ ವರ್ಷಗಳೂ ಹೋಗುತ್ತವೆ. ನನ್ನದಕ್ಕೆ ಅಡುಗೆ ಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿಟ್ಟಿದ್ದೇನೆ, ಯುಗಾದಿಯ ಪಕ್ಕದಲ್ಲೇ.