ಹೊಸ ಸಿಂಟ್ಯಾಕ್ಸ್‌ಗೆ ನಮ್ಮ ಫೋನ್ ಪರೀಕ್ಷೆ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಹೊಸ ಸಿಂಟ್ಯಾಕ್ಸ್, ಅಂದರೆ ಕೋಡು ಬರೆಯುವ ಹೊಸ ರೂಪ, ಬರುತ್ತದೆ ಅಂತ ಸುದ್ದಿ ಸಿಕ್ಕರೆ ನಾನು ಮಾಡುವುದು ಇಷ್ಟೇ. ವ್ಯಾಪಾರಿಗಳಿಗೆ ಬರೆದುಕೊಟ್ಟ ನಮ್ಮ ಹಳೇ ಬಿಲ್ ಕೋಡಿನ 20 ಜಾಗವನ್ನು ಆ ರೂಪದಲ್ಲಿ ಕೈಯಾರೆ ಬರೆಯುತ್ತೇನೆ. ಆಮೇಲೆ ಫೋನಿನಲ್ಲಿ ಓದಿ ಹೇಳುತ್ತೇನೆ. ಆ ಕಡೆಯವರು ಸರಿಯಾಗಿ ಟೈಪ್ ಮಾಡಿದರೆ ಪಾಸ್. "ಇದೆಂಥ ಹುಚ್ಚು ಮಾರಾಯಾ" ಅಂತ ಜೊತೆಗಾರ ನಕ್ಕಿದ್ದ. ಮೂರು ಅಡಿಕೆ ಹಂಗಾಮು ಕಳೆಯಿತು, ಗಿರಾಕಿಗೆ ಕೈಯಿಂದ ತುಂಬಿಕೊಟ್ಟದ್ದು ಸೊನ್ನೆ. ಈಗ ಅವನೂ ನಗುವುದಿಲ್ಲ. ಯಾವ 20 ಜಾಗ ಅಂತ ಮಾತ್ರ ಕೇಳಬೇಡಿ.

ಬುದ್ಧಿ ಬಂದದ್ದು ದುಡ್ಡು ಹೋದ ಮೇಲೆ. 2021ರ ಅಕ್ಟೋಬರಿನಲ್ಲಿ ಪೈಥಾನ್ 3.10 ಬಂತು, ಜೊತೆಗೆ ಬಂದ ಬೆಲೆಯನ್ನು ಒಂದೊಂದೇ ಕೇಸಿಗೆ ಹೋಲಿಸಿ ನೋಡುವ ಮ್ಯಾಚ್-ಕೇಸ್. ಸಿರ್ಸಿಯ ಮಂಡಿಯೊಂದರ ದರದ ಕೋಡಿನಲ್ಲಿ "ಇದಲ್ಲದಿದ್ದರೆ ಅದಾ" ಅಂತ ಕೇಳುವ ಎಲಿಫ್ ಸಾಲು ಮಾರುದ್ದ ಇತ್ತು, ಅಡಿಕೆಯ ಒಂದೊಂದು ಬಗೆಗೆ ಒಂದೊಂದು: ರಾಶಿ, ಬೆಟ್ಟೆ, ಕೆಂಪುಗೋಟು, ಚಾಲಿ. ಒಂದೇ ರಾತ್ರಿ ಎಲ್ಲ ಬದಲಿಸಿದೆ. ಕೊನೆಯ ಕೇಸಿನಲ್ಲಿ ಚಾಲಿಗೆ ಕೋಟ್ (ಉದ್ಧರಣ ಚಿಹ್ನೆ) ಹಾಕಲಿಲ್ಲ. ಮೇಲೆ ಅದೇ ಹೆಸರಿನ ವೇರಿಯೇಬಲ್ (ಬೆಲೆ ಇಟ್ಟುಕೊಳ್ಳುವ ಹೆಸರು) ಇದೆಯಲ್ವಾ, ಅದಕ್ಕೇ ಹೋಲಿಸುತ್ತದೆ ಅಂದುಕೊಂಡೆ. ಇಲ್ಲ. ಬರೀ ಹೆಸರು ಬರೆದರೆ ಬಂದದ್ದನ್ನೆಲ್ಲ ಬಾಚಿಕೊಳ್ಳುತ್ತದೆ. ನಡುವೆ ಬರೆದಿದ್ದರೆ ಸಿಂಟ್ಯಾಕ್ಸ್ ಎರರ್ ಆದರೂ ಬರುತ್ತಿತ್ತು. ಕೊನೆಯಲ್ಲಿದ್ದದ್ದಕ್ಕೆ ಪೈಥಾನ್ ತುಟಿಪಿಟಿಕ್ ಅನ್ನಲಿಲ್ಲ. ಪಟ್ಟಿಯಲ್ಲಿ ಸೇರಿಸಲು ಮರೆತಿದ್ದ ಬಿಳಿಗೋಟು ಚೀಲಗಳೆಲ್ಲ ಚಾಲಿ ರೇಟಿನಲ್ಲಿ ಹೋದವು. 12 ಸಾವಿರದ ಹತ್ತಿರ ಕಳೆದುಕೊಂಡೆ.

ಅದೇ ಬಿಲ್ ಕೋಡು ಕಾರವಾರದ ಮೀನು ವ್ಯಾಪಾರಿಯೊಬ್ಬರ ಹತ್ತಿರವೂ ಇತ್ತು. ಅವರದ್ದು ವಿಂಡೋಸ್ 7. ಅದರ ಮೇಲೆ ಪೈಥಾನ್ 3.8 ದಾಟುವುದಿಲ್ಲ, ಹಾಗಾಗಿ ಮ್ಯಾಚ್-ಕೇಸ್ ಓಡುವುದಿಲ್ಲ. ದೇವಿಮನೆ ಘಾಟಿ ಇಳಿದು ಕುಮಟಾ ಮೇಲೆ ಹೋಗಿ ಹಳೇ ಕೋಡು ಹಾಕಿ ಬಂದೆ. ಡೀಸೆಲ್, ಊಟ, ಒಂದು ದಿನ ಎಲ್ಲ ನನ್ನ ಲೆಕ್ಕಕ್ಕೇ.

ಫೋನ್ ಯಾಕೆ ಅಂದರೆ, ಮಳೆಗಾಲದಲ್ಲಿ ನೆಟ್ ಹೋದರೆ ನಮ್ಮ ರಿಪೇರಿಯೆಲ್ಲ ಫೋನಿನಲ್ಲೇ. ವಾಲ್ರಸ್ (ಸಾಲಿನ ನಡುವೆಯೇ ಹೆಸರಿಗೆ ಬೆಲೆ ಕೊಡುವ := ಗುರುತು) ಫೇಲಾದದ್ದು ಇಲ್ಲಿ. 2018ರಲ್ಲಿ ಅದರ ಜಗಳ ಮುಗಿದ ಬೆನ್ನಿಗೇ ಪೈಥಾನ್ ಹುಟ್ಟಿಸಿದ ಗೈಡೋ ವ್ಯಾನ್ ರೋಸಮ್ ಅದರ ಯಜಮಾನಿಕೆ ಬಿಟ್ಟರು. ನಾನು "ಕೋಲನ್ ಈಕ್ವಲ್" ಅಂದರೆ ಆ ಕಡೆಯವರು ನಡುವೆ ಸ್ಪೇಸ್ ಹೊಡೆಯುತ್ತಿದ್ದರು. ಐದರಲ್ಲಿ ಮೂರು ಸಲ ಹೀಗೇ. ಬರಹದ ನಡುವೆ ವೇರಿಯೇಬಲ್ ತೂರಿಸುವ ಎಫ್-ಸ್ಟ್ರಿಂಗ್ ಮೊದಲ ಸಲಕ್ಕೇ ಪಾಸ್.

ಪೆಪ್ (ಪೈಥಾನ್ ಬದಲಾವಣೆಯ ಪ್ರಸ್ತಾಪ) 505 ಅಂದರೆ ನನಗೆ ಬಹಳ ಆಸೆ ಇತ್ತು. ನನ್ (None, ಅಂದರೆ ಬೆಲೆಯೇ ಇಲ್ಲ ಅನ್ನುವ ಗುರುತು) ಇದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ದಾಟಿಹೋಗುವ ಪ್ರಸ್ತಾಪ. 2015ರದ್ದು, ಇನ್ನೂ ಪಕ್ಕಕ್ಕಿಟ್ಟಿದ್ದಾರೆ. ನಮ್ಮ 40 ಸಾವಿರ ಸಾಲಿನಲ್ಲಿ ಎಣಿಸಿದೆ, ನನ್ ಪರೀಕ್ಷೆ ಸುಮಾರು 300 ಕಡೆ. ಬರೆದು ನೋಡಿದರೆ ಚೆಂದ ಆಗಿದ್ದು 25 ಇರಬಹುದು. ಉಳಿದ ಕಡೆ ದರ ಇಲ್ಲದ ಚೀಲ ಸುಮ್ನೆ ದಾಟಿಹೋಗುತ್ತಿತ್ತು. ಅಲ್ಲಿ ಎರರ್ ಬಿದ್ದರೇ ನನಗೆ ಲಾಭ. ಆಸೆ ಬಿಟ್ಟೆ.

ನಡುವೆ ಇನ್ನೊಂದು ಹುಚ್ಚು. ವೇರಿಯೇಬಲ್ ಹೆಸರು ಕನ್ನಡದಲ್ಲೇ ಇಟ್ಟು ನೋಡಿದೆ. ದರ, ತೂಕ, ಚೀಲ ಎಲ್ಲ ಓಡಿದವು. ಸ್ಟಾಕ್‌ದರ ಅಂದಾಗ ಎರರ್! ದ ಒತ್ತಾಗಿ ಕೂರದಿರಲಿ ಅಂತ ಕೀಬೋರ್ಡ್ ಹಾಕುವ ಕಾಣದ ಅಕ್ಷರ ಪೈಥಾನ್‌ಗೆ ಆಗುವುದಿಲ್ಲ. ಒಂದು ಭಾನುವಾರ ಪೂರ್ತಿ ಅದನ್ನು ಹುಡುಕಿದ್ದೇ ಆಯಿತು.

ಪೈಥಾನ್ 3.14ರ ಟಿ-ಸ್ಟ್ರಿಂಗ್ (ಬರೆಯುವ ರೂಪ ಎಫ್-ಸ್ಟ್ರಿಂಗಿನಂಥದ್ದೇ) ಮೊನ್ನೆ ಫೋನಿನಲ್ಲಿ ಓದಿ ಹೇಳಿದೆ. ಪಾಸ್. ಆದರೆ ಕಾರವಾರದ ಆ ವಿಂಡೋಸ್ 7 ಇನ್ನೂ ಗಟ್ಟಿಮುಟ್ಟಾಗಿದೆ.