ಉಬ್ಬಸ ಇರುವ ಮನೆಯವರಿಗೆ: ಮೈಸೂರು, ಮಂಡ್ಯಕ್ಕೆ ಬಂದ ಹೊಸತರಲ್ಲಿ

ಬಾಡಿಗೆ ಮನೆ ನೋಡುವಾಗ ನೀರು, ಕರೆಂಟಿನ ಜೊತೆ ಹೊಗೆಯನ್ನೂ ವಿಚಾರಿಸಿ. ಮಂಡ್ಯದ ಕಡೆ ಹತ್ತಿರದಲ್ಲಿ ಆಲೆಮನೆ ಇದ್ದರೆ ಅಡ್ವಾನ್ಸ್ ಕೊಡುವ ಮುಂಚೆ ಸಂಜೆ ಹೊತ್ತು ಹೋಗಿ ಗಾಳಿ ಎತ್ತ ಬೀಸುತ್ತದೆ ನೋಡಿ. ಕಟಾವಾದ ಗದ್ದೆಗಳಲ್ಲಿ ಕಬ್ಬಿನ ತರಗು ಸುಡುವುದೂ ಉಂಟು. ಮೈಸೂರಿನ ಬಡಾವಣೆಗಳಲ್ಲಿ ಖಾಲಿ ಸೈಟಿನ ಪಾರ್ಥೇನಿಯಂ ಕಾಟ. ಹೂ ಬಿಡುವ ಮೊದಲೇ ಕೀಳಿಸಿ. ಉಬ್ಬಸ ಇರುವವರು ಅದಕ್ಕೆ ಕೈ ಹಾಕಬಾರದು. ಮನೆಯೊಳಗಿನ ಸೊಳ್ಳೆಬತ್ತಿ, ಸಾಂಬ್ರಾಣಿಯೂ ಹೊಗೆಯೇ.

ಹಳೇ ಊರಿನ ಚೀಟಿ, ಖಾಲಿ ಇನ್‌ಹೇಲರ್ ಡಬ್ಬಿ ಎಸೆಯಬೇಡಿ, ಹೊಸ ವೈದ್ಯರಿಗೆ ತೋರಿಸಿ. ಡಬ್ಬಿಯ ಬಣ್ಣ ನಂಬದೆ ಹೆಸರು ಓದಿ. ಸಾಲ್ಬುಟಮಾಲ್ ತಕ್ಷಣ ಉಸಿರು ಬಿಡಿಸುತ್ತದೆ, ಆದರೆ ಶ್ವಾಸನಾಳದ ಊತ ಇಳಿಸುವುದಿಲ್ಲ. ಊತ ಇಳಿಸುವುದು ಬುಡೆಸೊನೈಡ್‌ನಂಥ ಸ್ಟೀರಾಯ್ಡ್. ಚೆನ್ನಾಗಿದ್ದೇವೆಂದು ಅದನ್ನು ನಿಲ್ಲಿಸುವುದೇ ನಾವು ಪದೇ ಪದೇ ಕಾಣುವ ತಪ್ಪು. ‘ಪಂಪ್ (ಇನ್‌ಹೇಲರ್) ಹಿಡಿದರೆ ಬಿಡೋಕಾಗಲ್ಲ, ಮಾತ್ರೆಯೇ ಮೇಲು’ ಅನ್ನುವವರಿಗೆ ಈ ಲೆಕ್ಕ ಹೇಳಿ: ಸಾಲ್ಬುಟಮಾಲ್ ಎರಡು ಪಫ್ (ಡಬ್ಬಿಯನ್ನು ಎರಡು ಸಲ ಒತ್ತಿದಾಗ ಬರುವಷ್ಟು) ಎಂದರೆ 200 ಮೈಕ್ರೋಗ್ರಾಂ; 4 ಮಿಲಿಗ್ರಾಂ ಮಾತ್ರೆಯಲ್ಲಿ ಅದರ 20 ಪಟ್ಟು ಔಷಧಿ ಇದೆ.

ಅರ್ಧ ತೊಂದರೆ ಸೇದುವ ಕ್ರಮದಲ್ಲೇ ಇರುತ್ತದೆ. ಡಬ್ಬಿ ಕುಲುಕಿ, ಸ್ಪೇಸರ್‌ಗೆ (ಇನ್‌ಹೇಲರಿಗೂ ಬಾಯಿಗೂ ನಡುವೆ ಇಡುವ ಟೊಳ್ಳು ಕೊಳವೆ) ಸಿಕ್ಕಿಸಿ, ಉಸಿರು ಪೂರ್ತಿ ಹೊರಬಿಟ್ಟು, ಒಂದೇ ಸಲ ಒತ್ತಿ, ನಿಧಾನವಾಗಿ ಎಳೆದು 10 ಸೆಕೆಂಡು ಹಿಡಿಯಿರಿ. ಮುಂದಿನ ಪಫ್‌ಗೆ ಅರ್ಧ ನಿಮಿಷ ಬಿಡಿ, ಮತ್ತೆ ಕುಲುಕಿ. ಎರಡನ್ನು ಒಟ್ಟಿಗೆ ಒತ್ತಿದರೆ ಔಷಧಿ ಸ್ಪೇಸರ್ ಗೋಡೆಗೇ ಅಂಟುತ್ತದೆ. ಪುಟ್ಟ ಮಕ್ಕಳಿಗೆ ಮಾಸ್ಕ್ ಬಿಗಿಯಾಗಿ ಹಿಡಿದು ಐದಾರು ಉಸಿರು ಆಡಿಸಿದರೆ ಸಾಕು. ಸ್ಟೀರಾಯ್ಡ್ ಆದಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲವಾದರೆ ನಾಲಿಗೆಗೆ ಬಿಳಿ ಬೂಷ್ಟು ಬರಬಹುದು. ಸ್ಪೇಸರ್ ಸೋಪುನೀರಲ್ಲಿ ತೊಳೆದು ಹಾಗೇ ಒಣಗಿಸಿ. ಬಟ್ಟೆಯಿಂದ ಉಜ್ಜಿದರೆ ಸ್ಥಾಯಿವಿದ್ಯುತ್ ಹುಟ್ಟಿ ಔಷಧಿಯನ್ನು ಹಿಡಿದುಕೊಳ್ಳುತ್ತದೆ. ರೋಟಾಹೇಲರ್ (ಪುಡಿ ಔಷಧಿ ಸೇದುವ ಸಾಧನ) ಕ್ಯಾಪ್ಸೂಲ್ ನುಂಗುವುದಕ್ಕಲ್ಲ, ಅಜ್ಜ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಿ.

ಮೈಸೂರಿನ ಕೆಆರ್‌ಎಸ್ ರಸ್ತೆಯ ಪಿಕೆಟಿಬಿ ಸರ್ಕಾರಿ ಆಸ್ಪತ್ರೆ ಕ್ಷಯಕ್ಕೆ ಮಾತ್ರ ಅಲ್ಲ, ಎದೆ ಕಾಯಿಲೆಗಳಿಗೂ ಹೌದು. ಮಂಡ್ಯದವರಿಗೆ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ) ಇದೆ.

ಉಬ್ಬಸ ಜೋರಾದರೆ ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಸಾಲ್ಬುಟಮಾಲ್ ಒಂದೊಂದಾಗಿ ನಾಲ್ಕು ಪಫ್ ಕೊಟ್ಟು ನಾಲ್ಕು ನಿಮಿಷ ಕಾಯಿರಿ. ಇಳಿಯದಿದ್ದರೆ ಇನ್ನೂ ನಾಲ್ಕು ಕೊಡುತ್ತಲೇ 108ಕ್ಕೆ ಕರೆಮಾಡಿ. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ಪಕ್ಕೆ ಒಳಸೆಳೆಯುತ್ತಿದ್ದರೆ, ತುಟಿ ನೀಲಿಯಾದರೆ ಕಾಯುವ ಮಾತೇ ಇಲ್ಲ, ಮೊದಲೇ ಕರೆಯಿರಿ. ಸುಯ್‌ಗುಟ್ಟುವ ಸದ್ದು ನಿಂತಿತೆಂದು ಸಮಾಧಾನಪಡಬೇಡಿ: ಉಸಿರಾಡಲು ಇನ್ನೂ ಒದ್ದಾಡುತ್ತಿದ್ದರೆ ಗಾಳಿಯೇ ಒಳಹೋಗುತ್ತಿಲ್ಲ ಎಂದರ್ಥ.