ಜಜ್ಜಿದ ಸೌತೆಕಾಯಿಯ ಚೀನೀ ಸಲಾಡ್

ಚೀನಾದಲ್ಲಿ ಬೇಸಿಗೆಗೆ ಮಾಡುವ ‘ಪೈ ಹುವಾಂಗ್ ಗುವಾ’ ಸಲಾಡ್ ಒಮ್ಮೆ ಮಾಡಿ ನೋಡಿ. ಎಳ್ಳು ಹುರಿಯುವುದು ಬಿಟ್ಟರೆ ಒಲೆ ಹಚ್ಚುವ ಕೆಲಸವೇ ಇಲ್ಲ.

2 ಎಳೆ ಸೌತೆಕಾಯಿ ತಗೊಳ್ಳಿ. ತುದಿ ಕತ್ತರಿಸಿ ಕಹಿ ಇದೆಯಾ ಅಂತ ಮೊದಲೇ ನೋಡಿಬಿಡಿ. ಬಿಲ್ಲೆಯಾಗಿ ಹೆಚ್ಚಬೇಡಿ, ಜಜ್ಜಿ. ಅಲ್ಲಿ ಅಗಲವಾದ ಕತ್ತಿಯ ಮಗ್ಗುಲಿನಿಂದ ಬಡಿಯುತ್ತಾರೆ, ನಮಗೆ ಲಟ್ಟಣಿಗೆ ಸಾಕು. ಜೋರಾಗಿ ಬೇಡ. ಸಿಪ್ಪೆ ಬಿರಿದು ಕಾಯಿ ಉದ್ದಕ್ಕೆ ಸೀಳಿದರೆ ಆಯ್ತು. ಸೀಳಿದ ಕಡೆ ತರಿತರಿಯಾಗಿರುತ್ತದೆ ಅಲ್ವಾ, ಮಸಾಲೆ ಹಿಡಿಯುವುದೇ ಅಲ್ಲಿ. ನುಣ್ಣಗೆ ಹೆಚ್ಚಿದ ಹೋಳಿನಲ್ಲಿ ಅದು ಜಾರಿ ತಳಕ್ಕೆ ಇಳಿಯುತ್ತದೆ. ಬೀಜ ಬಲಿತಿದ್ದರೆ ತೆಗೆದುಹಾಕಿ.

ಬೆರಳುದ್ದದ ತುಂಡು ಮಾಡಿ, ಅರ್ಧ ಚಮಚ ಉಪ್ಪು ಬೆರೆಸಿ 15 ನಿಮಿಷ ಜರಡಿಯಲ್ಲಿಡಿ. ಇಳಿದ ನೀರನ್ನು ಚೆಲ್ಲಿ. ಈ ಕೆಲಸ ಬಿಟ್ಟರೆ ಸಲಾಡ್ ನೀರು ನೀರಾಗುತ್ತದೆ.

ಆಮೇಲೆ ಜಜ್ಜಿದ ಬೆಳ್ಳುಳ್ಳಿ 3 ಎಸಳು, ಸೋಯಾ ಸಾಸ್ 2 ಚಮಚ, ವಿನೆಗರ್ 2 ಚಮಚ, ಸಕ್ಕರೆ 1 ಚಮಚ ಸೇರಿಸಿ. ಸೋಯಾ ಸಾಸಿನಲ್ಲೇ ಉಪ್ಪಿರುತ್ತದೆ, ಮತ್ತೆ ಹಾಕಬೇಡಿ. ಅಕ್ಕಿಯಿಂದ ಮಾಡಿದ ಕಪ್ಪು ವಿನೆಗರ್ ಸಿಕ್ಕರೆ ಬಹಳ ಒಳ್ಳೆಯದು, ಝೆನ್‌ಜಿಯಾಂಗ್ ಊರಿನದು ಹೆಸರುವಾಸಿ.

ಎಳ್ಳೆಣ್ಣೆ ವಿಷಯದಲ್ಲಿ ಮಾತ್ರ ಎಚ್ಚರ. ಅಲ್ಲಿಯದು ಹುರಿದ ಎಳ್ಳಿನ ಎಣ್ಣೆ, ಘಮ ಜಾಸ್ತಿ. ನಮ್ಮ ಗಾಣದ ಎಣ್ಣೆಗೆ ಆ ಘಮ ಬರುವುದಿಲ್ಲ. ಆದರೂ ಗಾಣದ ಎಣ್ಣೆಯನ್ನೇ 1 ಚಮಚ ಹಾಕಿ, ಮೇಲೆ ಬಿಳಿ ಎಳ್ಳು ಹುರಿದು ಕುಟ್ಟಿ ಉದುರಿಸಿ. ಖಾರ ಬೇಕಿದ್ದರೆ ಮೆಣಸಿನ ಎಣ್ಣೆ. ಕಲಸಿದ ತಕ್ಷಣ ತಿನ್ನಿ, ಗರಿಗರಿ ಇರುವಾಗಲೇ ರುಚಿ.